ಚರ್ಮದ ಮೂಲಕ ಔಷಧ: ಶಾಖ ಮತ್ತು ನ್ಯಾನೋ ಕಣಗಳು

ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮೂಟೆ ಹೊತ್ತು ಬರುವ ರೈತ ಬಾಂಧವರಲ್ಲಿ ಸೊಂಟನೋವು ಇಲ್ಲದವರು ಕಡಮೆ. ಔಷಧದಂಗಡಿಯಲ್ಲಿ ಕೇಳಿದರೆ ಈಗ ಚರ್ಮಕ್ಕೆ ಅಂಟಿಸುವ ನೋವಿನ ಪಟ್ಟಿ ಸಿಗುತ್ತದೆ. ಅದರ ಮೇಲೆ ಬಿಸಿನೀರಿನ ಚೀಲವನ್ನೂ ಇಟ್ಟರೆ ಗುಣ ಬೇಗ ಎಂಬುದು ಹಲವರ ಎಣಿಕೆ. ಈ ಎಣಿಕೆಯಲ್ಲಿ ಸತ್ಯವೂ ಇದೆ, ಅಪಾಯವೂ ಇದೆ. ಕೀಟನಾಶಕ ಸಿಂಪಡಿಸುವ ಪ್ರತಿಯೊಬ್ಬರೂ ಇದನ್ನು ಅರಿತಿರಬೇಕು.

ಚರ್ಮದ ಹೊರಪದರದ ದಪ್ಪ ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗ ಮಾತ್ರ. ಇದರಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆಯೂ, ನಡುವಣ ಕೊಬ್ಬು ಗಾರೆಯಂತೆಯೂ ಇರುತ್ತವೆ. ಕೊಬ್ಬಿನಲ್ಲಿ ಕರಗಬಲ್ಲ ಸಣ್ಣ ಅಣುಗಳು ಈ ಗಾರೆಯ ಮೂಲಕ ನುಸುಳುತ್ತವೆ. ಇನ್ಸುಲಿನ್‌ನಂತಹ ದೊಡ್ಡ ಅಣು ನುಸುಳಲಾರದು. ಅದಕ್ಕೆ ಸೂಜಿಯೇ ಬೇಕು.

ಶಾಖ ತಗುಲಿದಾಗ ಏನಾಗುತ್ತದೆ? ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಿಸಿಲಿಗೆ ಸಡಿಲವಾಗುವಂತೆ ಆ ಕೊಬ್ಬು ಮೆದುವಾಗುತ್ತದೆ. ಚರ್ಮದಡಿಯ ರಕ್ತನಾಳಗಳು ಹಿಗ್ಗಿ, ಒಳಬಂದ ಔಷಧವನ್ನು ಬೇಗ ಸಾಗಿಸುತ್ತವೆ. ತೀವ್ರ ನೋವಿಗೆ ವೈದ್ಯರು ಕೊಡುವ ಫೆಂಟನಿಲ್ ಪಟ್ಟಿಯ ಮೇಲೆ ಶಾಖ ಕೊಡಬಾರದೆಂದು 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿತು. ಮೂರು ದಿನಕ್ಕೆಂದು ಇಟ್ಟ ಔಷಧ ಒಮ್ಮೆಲೇ ಹೆಚ್ಚಾಗಿ ಇಳಿದರೆ ಉಸಿರೇ ನಿಲ್ಲಬಹುದು.

ಹಾಗಾದರೆ ಶಾಖವನ್ನು ಅಳತೆಯಲ್ಲಿ ಕೊಡುವುದು ಹೇಗೆ? ಇಲ್ಲಿಯೇ ನ್ಯಾನೋ ವಸ್ತುಗಳ ಉಪಯೋಗ. ನ್ಯಾನೋ ಯೂರಿಯಾದಿಂದ ಈ ಹೆಸರು ನಿಮಗೆ ಪರಿಚಿತ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಚಿನ್ನದ ನ್ಯಾನೋ ಕಡ್ಡಿಗಳು ಅವಗೆಂಪು ಕಿರಣವನ್ನು ಹೀರಿ ತಾವಿದ್ದಲ್ಲಿ ಮಾತ್ರ ಬಿಸಿಯಾಗುತ್ತವೆ. ದಕ್ಷಿಣ ಕೊರಿಯಾದ ವಿಜ್ಞಾನಿಗಳು 2016ರಲ್ಲಿ ಗ್ರಾಫೀನ್ ಎಂಬ ಇಂಗಾಲದ ಅತಿ ತೆಳು ಹಾಳೆಯಿಂದ ಪಟ್ಟಿಯೊಂದನ್ನು ಮಾಡಿದರು. ಅದು ಬೆವರಿನ ಸಕ್ಕರೆಯನ್ನು ಅಳೆಯುತ್ತದೆ. ಅದರ ಅತಿ ಸಣ್ಣ ಮುಳ್ಳುಗಳಿಗೆ ಮೇಣದಂತಹ ಲೇಪವಿದ್ದು, ಸುಮಾರು 41 ಡಿಗ್ರಿ ಸೆಂಟಿಗ್ರೇಡಿಗೆ ಲೇಪ ಕರಗಿ ಮೆಟ್‌ಫಾರ್ಮಿನ್ ಹೊರಬರುತ್ತದೆ. ಮಧುಮೇಹದ ಇಲಿಗಳಲ್ಲಿ ರಕ್ತದ ಸಕ್ಕರೆ ಇಳಿಯಿತು. ಇಲಿಗಳಲ್ಲಿ ಎಂಬುದನ್ನು ಮರೆಯಬಾರದು.

ವೈದ್ಯರ ಪಟ್ಟಿಗೆ ಅಳತೆ ಉಂಟು, ಹೊಲದ ವಿಷಕ್ಕೆ ಅದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರನ್ನೇ ನೋಡಿರಿ. ಧೂಮಪಾನ ಬಿಡಿಸಲು ಪಟ್ಟಿಯಲ್ಲಿ ಕೊಡುವ ನಿಕೋಟಿನ್ನೇ ಇಬ್ಬನಿ ತುಂಬಿದ ಹಸಿ ಎಲೆಯಿಂದ ಕೈಗೆ, ಕಂಕುಳಿಗೆ ಇಳಿದು ತಲೆಸುತ್ತು, ವಾಂತಿ ಬರಿಸುತ್ತದೆ. ಇಬ್ಬನಿ ಆರಿದ ಮೇಲೆ ಎಲೆ ಮುರಿಯುವುದು, ತುಂಬುತೋಳಿನ ಅಂಗಿ ತೊಡುವುದು, ನೆನೆದ ಬಟ್ಟೆಯನ್ನು ಕೂಡಲೇ ಬದಲಿಸುವುದು ಉತ್ತಮ.

ಮೈಯ ಎಲ್ಲ ಭಾಗವೂ ಒಂದೇ ಸಮನಲ್ಲ. ಈಗ ನಮ್ಮಲ್ಲಿ ನಿಷೇಧಿತವಾಗಿರುವ ಪ್ಯಾರಾಥಿಯಾನ್ ಕುರಿತು 1971ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹಚ್ಚಿದ ವಿಷದಲ್ಲಿ ಮುಂಗೈಯಿಂದ ಒಳಸೇರಿದ್ದು ಶೇಕಡಾ 9ಕ್ಕೂ ಕಡಮೆ. ಹಣೆಯಿಂದ ಶೇಕಡಾ 36ರಷ್ಟು. ವೃಷಣದ ಚರ್ಮದಿಂದ ಹೆಚ್ಚುಕಡಮೆ ಪೂರ್ತಿ. ಬೆನ್ನಿನ ಸಿಂಪರಣಾ ಯಂತ್ರ ಸೋರಿ ಪಂಚೆ ನೆನೆದಾಗ "ಸ್ವಲ್ಪ ತಾನೆ" ಎನ್ನುವವರು ಈ ಅಂಕಿಯನ್ನು ನೆನೆಯಬೇಕು. ಅದೇ ಒರೆಸುಬಟ್ಟೆಯಿಂದ ಹಣೆಯ ಬೆವರು ಒರೆಸುವುದೂ ಅಷ್ಟೇ ಕೆಟ್ಟದ್ದು. ಸಿಂಪರಣೆಯನ್ನು ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮಾಡಿರಿ.

ಇನ್ನೊಂದು ಮಾತು. ಸಿಂಪಡಿಸಿ ಬಂದವರು ನೇರವಾಗಿ ಹಂಡೆಯ ಸುಡುನೀರು ಹೊಯ್ದುಕೊಳ್ಳುವ ರೂಢಿಯಿದೆ. ಮೈಮೇಲೆ ಉಳಿದ ವಿಷಕ್ಕೆ ಆ ಶಾಖವೇ ದಾರಿ ಮಾಡಿಕೊಡುತ್ತದೆ. ಮೊದಲು ಉಗುರುಬೆಚ್ಚಗಿನ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದುಕೊಂಡು, ಆನಂತರ ಬಿಸಿನೀರಿನ ಸ್ನಾನ ಮಾಡಿರಿ.