ಬೋನಸ್ ನಿಂತರೆ ಕೆಲಸವೂ ಹೋಗುತ್ತದೆಯೇ?

ಡಲ್ಲಾಸ್‌ನ ನಿಮ್ಮ ವಾಸ್ತುಶಿಲ್ಪ ಕಚೇರಿ ಈ ಡಿಸೆಂಬರಿನ ಬೋನಸ್ ಕೈಬಿಟ್ಟಿದೆ, ಮುಂದಿನ ಸರದಿ ನಿಮ್ಮ ಕೆಲಸದ್ದೇ ಎಂಬ ಆತಂಕ ನಿಮ್ಮದು. ಬೋನಸ್ ಹೇಳುವುದು ಕಳೆದ ವರ್ಷದ ಲೆಕ್ಕವನ್ನು. ನಿಮ್ಮ ಕುರ್ಚಿ ನಿಂತಿರುವುದು ಸಹಿಯಾಗಿರುವ ಮುಂದಿನ ಯೋಜನೆಗಳ ಮೇಲೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಘ ಎಐಎ ಪ್ರತಿ ತಿಂಗಳು ಹೊರಡಿಸುವ ಬಿಲ್ಲಿಂಗ್ ಸೂಚ್ಯಂಕ 50ಕ್ಕಿಂತ ಕೆಳಗಿದ್ದರೆ, ಆದಾಯ ಹೆಚ್ಚಿದ ಕಚೇರಿಗಳಿಗಿಂತ ಕುಗ್ಗಿದ ಕಚೇರಿಗಳೇ ಹೆಚ್ಚೆಂದು ಅರ್ಥ. ವಸತಿಯೇತರ ಕಟ್ಟಡ ನಿರ್ಮಾಣಕ್ಕೆ ಆಗುವ ಖರ್ಚು ಈ ಸೂಚ್ಯಂಕವನ್ನು ಸುಮಾರು 9ರಿಂದ 12 ತಿಂಗಳು ತಡವಾಗಿ ಹಿಂಬಾಲಿಸುತ್ತದೆ. 2008ರ ಕುಸಿತದಲ್ಲಿ ಆ ಅಂಕ 40ಕ್ಕೂ ಕೆಳಗೆ ಹೋಗಿತ್ತು. ಬಿಸಿ ಮೊದಲು ತಟ್ಟುವುದು ನಕ್ಷೆ ಬರೆಯುವವರಿಗೇ.

ಬೋನಸ್ ಕೊಡುವ ಕಚೇರಿಯೇ ಭದ್ರವಲ್ಲವೇ ಎನ್ನುತ್ತೀರಿ. ಅಷ್ಟು ಸರಳವಿಲ್ಲ. ಅಮೆರಿಕದ ಎಷ್ಟೋ ಕಚೇರಿಗಳು ತೆರಿಗೆಯ ಅನುಕೂಲಕ್ಕಾಗಿ ಲಾಭವನ್ನು ವರ್ಷಾಂತ್ಯದಲ್ಲೇ ಹಂಚಿಬಿಡುತ್ತವೆ. ಹಾಗೆ ಹಂಚಿದವರು ಫೆಬ್ರವರಿಯಲ್ಲಿ ಜನರನ್ನು ಮನೆಗೆ ಕಳಿಸಲೂಬಹುದು. ಬೋನಸ್ ತಡೆದವರು ಅದೇ ಹಣದಲ್ಲಿ ಸಂಬಳ ಉಳಿಸಿಕೊಂಡಿರಬಹುದು. (ಮಾಲೀಕರು ತಮ್ಮ ಪಾಲು ಮಾತ್ರ ಎತ್ತಿಕೊಂಡಿದ್ದರೆ ಮಾತು ಬೇರೆ.) ಆದ್ದರಿಂದ ಬೋನಸ್ ಬಗ್ಗೆ ಜಗ್ಗಾಡದೆ, ಎಷ್ಟು ತಿಂಗಳ ಕೆಲಸಕ್ಕೆ ಒಪ್ಪಂದವಾಗಿದೆ, ಗ್ರಾಹಕರ ಬಾಕಿ ಎಷ್ಟು ಹಳೆಯದು ಎಂದು ಕೇಳಿ. ಕೇಳಿದರೆ ಕಣ್ಣಿಗೆ ಬೀಳುತ್ತೇನೆಂಬ ಅಳುಕು ಸಹಜ. ಆದರೆ ಇವು ಯೋಜನೆ ನಡೆಸುವವರು ದಿನವೂ ಕೇಳುವ ಪ್ರಶ್ನೆಗಳೇ. ಅವರು ಉತ್ತರಿಸದೆ ನುಣುಚಿಕೊಂಡರೆ ಪೋರ್ಟ್‌ಫೋಲಿಯೊ ಈ ವಾರವೇ ಸಿದ್ಧಪಡಿಸಿ. ಏಕೆಂದರೆ ಸಾಮೂಹಿಕ ವಜಾಕ್ಕೆ ಮುಂಚಿತ ನೋಟಿಸ್ ಬೇಕೆನ್ನುವ ಫೆಡರಲ್ ಕಾನೂನು 100ಕ್ಕಿಂತ ಕಡಿಮೆ ನೌಕರರಿರುವ ಕಚೇರಿಗೆ ಅನ್ವಯಿಸದು. ನೀವು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದರೆ, ಕೆಲಸ ಹೋದ ಮೇಲೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ.