ಬಿಪಿ ಇಳಿಸಲು ಸಮಾಜಸೇವೆಯೇ?

ಪ್ರಶ್ನೆ: ಖಜಾನೆ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ಕಳೆದ ವರ್ಷ ನಿವೃತ್ತನಾದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಬೆಳಿಗ್ಗೆ ಪೇಪರ್, ಆಮೇಲೆ ಟಿವಿ, ಮಧ್ಯಾಹ್ನ ನಿದ್ದೆ. ರಾತ್ರಿ ಕಣ್ಣು ಮುಚ್ಚುವುದಿಲ್ಲ. ಬಿಪಿ ಮಾತ್ರೆಯ ಡೋಸು ಹೆಚ್ಚಿಸಿದ ಡಾಕ್ಟರು, ‘ಸುಮ್ಮನೆ ಕೂರಬೇಡಿ, ಏನಾದರೂ ಸಮಾಜಸೇವೆ ಮಾಡಿ, ಆರೋಗ್ಯ ಸುಧಾರಿಸುತ್ತೆ’ ಎಂದರು. ಅದರಿಂದ ಬಿಪಿ ನಿಜಕ್ಕೂ ಇಳಿಯುತ್ತದೆಯೇ? ನನ್ನ ಆರೋಗ್ಯಕ್ಕೋಸ್ಕರ ಸೇವೆ ಮಾಡುವುದು ಸ್ವಾರ್ಥವಲ್ಲವೇ? ನನ್ನ ಹೆಂಡತಿಯಂತೂ, ‘ಮನೇಲಿ ಕುಡಿದ ಲೋಟ ಎತ್ತಿಡದವರು ಊರು ಉದ್ಧಾರ ಮಾಡೋಕೆ ಹೊರಟರಾ’ ಅನ್ನುತ್ತಾಳೆ.
–ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಮೊದಲು ಬಿಪಿ ವಿಷಯ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 50 ದಾಟಿದವರನ್ನು ನಾಲ್ಕು ವರ್ಷ ಗಮನಿಸಿದ್ದರು. ವರ್ಷಕ್ಕೆ 200 ಗಂಟೆಯಾದರೂ ಸೇವೆ ಮಾಡಿದವರಿಗೆ ರಕ್ತದೊತ್ತಡ ಅಂಟಿಕೊಳ್ಳುವ ಸಾಧ್ಯತೆ ಶೇ 40ರಷ್ಟು ಕಡಿಮೆ ಇತ್ತು. ಆದರೆ ಅವರಿಗೆಲ್ಲ ಆರಂಭದಲ್ಲಿ ಬಿಪಿ ಇರಲಿಲ್ಲ, ನಿಮಗೆ ಈಗಾಗಲೇ ಇದೆ. ಅದೇ ದೇಶದ ಸುಮಾರು 13,000 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಸೇವೆಯನ್ನು ಮಾತ್ರೆಯ ಬದಲಿಗೆ ಇಟ್ಟುಕೊಳ್ಳಬೇಡಿ. ಆದರೆ ಅದೇ ಅಧ್ಯಯನದಲ್ಲಿ, ವರ್ಷಕ್ಕೆ 100 ಗಂಟೆ, ಅಂದರೆ ವಾರಕ್ಕೆ ಎರಡೇ ಗಂಟೆ, ಕೊಟ್ಟವರಲ್ಲಿ ಒಂಟಿತನ, ಹತಾಶೆ ಕಡಿಮೆ ಇದ್ದವು. ಓಡಾಡುವ ಶಕ್ತಿ ಕುಂದುವುದೂ ಸಾವಿನ ಅಪಾಯವೂ ಕಡಿಮೆ. ಗಟ್ಟಿಮುಟ್ಟಾಗಿರುವವರೇ ಸೇವೆಗೆ ಹೋಗುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಅದಕ್ಕೇ ನನಗೆ ಅಮೆರಿಕದ ಬಾಲ್ಟಿಮೋರ್ ನಗರದ ಪ್ರಯೋಗ ಹೆಚ್ಚು ಮುಖ್ಯ. ಅಲ್ಲಿ ಚೀಟಿ ಎತ್ತಿದಂತೆ ಆರಿಸಿದ 60 ದಾಟಿದ ಹಿರಿಯರನ್ನು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗೆ ಕಳಿಸಿ ಮಕ್ಕಳಿಗೆ ಓದಿಸಲು ಹಚ್ಚಿದರು. ಅವರು ಟಿವಿ ಮುಂದೆ ಕೂರುವುದು ತಗ್ಗಿತು, ಮೈ ಹೆಚ್ಚು ಆಡತೊಡಗಿತು, ಕಷ್ಟಕ್ಕೆ ಕರೆಯಬಹುದಾದ ಜನ ಹೆಚ್ಚಾದರು. ನಿಮ್ಮ ದಿನದಲ್ಲಿ ಕಾಣೆಯಾಗಿರುವುದು ಇವೇ.

ಸ್ವಾರ್ಥದ ಪ್ರಶ್ನೆ ಒಳ್ಳೆಯದು. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಪರರ ಒಳಿತಿಗೆಂದು ಸೇವೆ ಮಾಡಿದ ಹಿರಿಯರಲ್ಲಿ ಸಾವಿನ ಪ್ರಮಾಣ ಕಡಿಮೆ; ತಮ್ಮ ಲಾಭಕ್ಕೆಂದೇ ಮಾಡಿದವರಿಗೆ ಆ ಅನುಕೂಲ ಸಿಗಲಿಲ್ಲ. ಆರೋಗ್ಯದ ಆಸೆಯಿಂದ ಹೊಸ್ತಿಲು ದಾಟುವುದು ತಪ್ಪಲ್ಲ. ಆದರೆ ಹೋದಲ್ಲಿ ನಿಮ್ಮ ಬಿಪಿ ನಿಮಗೆ ಮರೆತುಹೋಗಬೇಕು. ಅಂಥ ಕೆಲಸ ಆರಿಸಿ.

ಹಾರ ಹಾಕಿಸಿಕೊಂಡು ಫೋಟೊ ತೆಗೆಸಿಕೊಳ್ಳುವ ಸಂಘಗಳು ನಿಮಗೆ ಬೇಡ. ನಿಮ್ಮೂರಿನ ನಾಡಕಚೇರಿ ಎದುರು ಒಂದು ಬೆಳಿಗ್ಗೆ ನಿಂತು ನೋಡಿ. ಸಂಧ್ಯಾ ಸುರಕ್ಷಾ, ವಿಧವಾ ವೇತನ ನಿಂತುಹೋಗಿ ಸೆರಗಿನ ಗಂಟಿನಲ್ಲಿ ಪಾಸ್‌ಬುಕ್ ಕಟ್ಟಿಕೊಂಡು ಬಂದ ಅಜ್ಜಿಯರು ಸಿಗುತ್ತಾರೆ. ಕಾರಣ ಎಷ್ಟೋ ಸಲ ಸಣ್ಣದು: ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಇಲ್ಲವೇ ಹೆಸರಿನ ಅಕ್ಷರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದನ್ನು ಓದಿ ಹೇಳುವವರಿಲ್ಲದೆ ಅವರು ಮಧ್ಯವರ್ತಿಗೆ ದುಡ್ಡು ಕೊಡುತ್ತಾರೆ. ಖಜಾನೆಯಲ್ಲಿ ಬಿಲ್ಲು, ಪಿಂಚಣಿ ಕಡತಗಳ ನಡುವೆ ಬಾಳಿದ ನಿಮಗೆ ಇದು ನೀರು ಕುಡಿದಷ್ಟು ಸುಲಭ. ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಒಂದು ಮೇಜು ಕೇಳಿ. ವಾರಕ್ಕೊಂದು ದಿನ, ಎರಡು ಗಂಟೆ ಸಾಕು. ದಿನ ಮಾತ್ರ ತಪ್ಪಿಸಬೇಡಿ, ನಿಮಗಾಗಿ ಯಾರೋ ಕಾದಿರುತ್ತಾರೆ. ಯಾರ ಕಾಸನ್ನೂ ಮುಟ್ಟಬೇಡಿ. ಒಟಿಪಿ, ಎಟಿಎಂ ಪಿನ್ ಕೇಳಲೇಬೇಡಿ. ಸಿಕ್ಕವರ ಕೆಲಸವನ್ನೆಲ್ಲ ತಲೆ ಮೇಲೆ ಹೊತ್ತುಕೊಂಡರೆ ಇರುವ ಬಿಪಿಯೂ ಏರುತ್ತದೆ, ಅದೂ ನೆನಪಿರಲಿ.

ನಿಮ್ಮ ಶ್ರೀಮತಿಯವರ ಮಾತನ್ನು ಕೊಂಕೆಂದು ತಳ್ಳಿಹಾಕಬೇಡಿ. ನೀವು ನಿವೃತ್ತರಾದಿರಿ, ಅವರು ಆಗಲಿಲ್ಲ. ಬೆಳಗಿನ ಕಾಫಿ, ತರಕಾರಿ ತರುವುದು, ಹೆಚ್ಚುವುದು, ಪಾತ್ರೆ ಜೋಡಿಸುವುದು ಇವತ್ತಿನಿಂದಲೇ ನಿಮ್ಮದಾಗಲಿ. ಊರ ಕೆಲಸ ಅದಾದ ಮೇಲೆ.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಧ್ಯಾಹ್ನದ ನಿದ್ದೆ ಬಿಟ್ಟೂ ರಾತ್ರಿ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದ ಸ್ಥಿತಿ ಎರಡು ವಾರ ಮೀರಿದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.