ಸ್ಥೂಲಕಾಯ ಮತ್ತು ಮನೆಯ ಆಯವ್ಯಯ

ಮೈ ತುಂಬಿಕೊಂಡವರನ್ನು ಸಿರಿವಂತರೆಂದು ಎಣಿಸುವುದು ನಮ್ಮ ಸಮಾಜದ ಹಳೆಯ ರೂಢಿ. ಇಂದಿನ ಲೆಕ್ಕ ಬೇರೆಯಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಜನರಲ್ಲಿ ಸುಮಾರು 30 ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. 2015–16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 22–23ರ ಆಸುಪಾಸಿನಲ್ಲಿತ್ತು. ಇವರೆಲ್ಲರೂ ಸಿರಿವಂತರಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೊಜ್ಜು ತನ್ನ ಹೆಸರಿನಲ್ಲಿ ಖರ್ಚಿನ ಚೀಟಿ ಕಳುಹಿಸುವುದಿಲ್ಲ. ಅದು ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೊಣಕಾಲಿನ ಸವೆತಗಳ ಹೆಸರಿನಲ್ಲಿ ಬರುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ಭಾರತದಂತಹ ಯೋಜನೆ ಬಡ ಕುಟುಂಬದ ಕೈ ಹಿಡಿಯುತ್ತದೆ. ಅದು ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವ ಯೋಜನೆ. ಆದರೆ ಖಾಸಗಿ ವೈದ್ಯರಲ್ಲಿಗೆ ಹೋಗುವವರಿಗೆ ನಿತ್ಯದ ಮಾತ್ರೆ, ಮೂರು ತಿಂಗಳಿಗೊಮ್ಮೆಯ ರಕ್ತಪರೀಕ್ಷೆ, ಕಣ್ಣು ಮತ್ತು ಮೂತ್ರಪಿಂಡದ ತಪಾಸಣೆ ಇವೆಲ್ಲ ಜೇಬಿನಿಂದಲೇ ಆಗಬೇಕು. ಸಣ್ಣ ಮೊತ್ತಗಳಾದರೂ ಇಪ್ಪತ್ತು ಮೂವತ್ತು ವರ್ಷ ನಿಲ್ಲದೆ ಹರಿಯುವ ಮೊತ್ತಗಳು.

ಇದಕ್ಕಿಂತ ದೊಡ್ಡದು ದುಡಿಮೆಯ ನಷ್ಟ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ಹತ್ತು ಕಿಲೋ ಹೆಚ್ಚು ಹೊತ್ತ ಗಾರೆ ಕೆಲಸದವನ ಮೊಣಕಾಲಿನ ಪಾಡನ್ನು ಇದರಿಂದಲೇ ಊಹಿಸಬಹುದು. ಅವನಿಗೆ ವೇತನಸಹಿತ ರಜೆಯಿಲ್ಲ. ಮಲಗಿದ ದಿನ ಕೂಲಿಯಿಲ್ಲ. ಅವನನ್ನು ಆಸ್ಪತ್ರೆಗೆ ಕರೆದೊಯ್ಯುವ ಹೆಂಡತಿಯ ಕೂಲಿಯೂ ಅಂದು ಹೋಗುತ್ತದೆ. ಇದು ಯಾವ ಆಸ್ಪತ್ರೆಯ ರಸೀದಿಯಲ್ಲೂ ಕಾಣದ ವೆಚ್ಚ.

ಇಂತಹ ನಷ್ಟಗಳನ್ನೂ ಸೇರಿಸಿ ಲೆಕ್ಕ ಹಾಕಿದ ವಿಶ್ವ ಸ್ಥೂಲಕಾಯ ಒಕ್ಕೂಟವು 2023ರಲ್ಲಿ, ಹೀಗೇ ಮುಂದುವರಿದರೆ 2035ರ ವೇಳೆಗೆ ಜಗತ್ತಿಗೆ ವರ್ಷಕ್ಕೆ ನಾಲ್ಕು ಲಕ್ಷ ಕೋಟಿ ಡಾಲರಿಗೂ ಮಿಗಿಲಾದ ಹೊರೆ ಬೀಳುವುದೆಂದು ಅಂದಾಜಿಸಿತು. ಅದು ಜಗತ್ತಿನ ಒಟ್ಟು ಉತ್ಪನ್ನದ ಶೇಕಡಾ 3ರಷ್ಟು.

ದಪ್ಪಗಿರುವವರನ್ನು ಹೊಟ್ಟೆಬಾಕರೆಂದು ಹಳಿಯುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಹಣ್ಣು ತರಕಾರಿಯ ಬೆಲೆ ಏರಿ, ಕರಿದ ತಿಂಡಿಯ ಪೊಟ್ಟಣ ಐದು ರೂಪಾಯಿಗೆ ಶಾಲೆಯ ಮುಂದೆಯೇ ದೊರೆಯುವಾಗ ಬಡವರ ಮಗು ಯಾವುದನ್ನು ಕೊಂಡೀತು? ಈಚೆಗೆ ತೂಕ ಇಳಿಸುವ ಚುಚ್ಚುಮದ್ದುಗಳು ಬಂದಿವೆ, ನಿಜ. ಆದರೆ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುವುದರಿಂದ ಅದೂ ಮುಗಿಯದ ಖರ್ಚೇ.

ಅಡುಗೆಮನೆಯಲ್ಲಿ ಮಾತ್ರ ಉಳಿತಾಯಕ್ಕೆ ಅವಕಾಶವುಂಟು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇದೆ. ತಲೆಗೆ ದಿನಕ್ಕೆ 25 ಗ್ರಾಮಿನಂತೆ ನಾಲ್ವರ ಮನೆಗೆ ತಿಂಗಳಿಗೆ 3 ಕಿಲೋ ಎಣ್ಣೆ ಸಾಕು. ಐದು ಲೀಟರಿನ ಡಬ್ಬಿ ತಿಂಗಳು ತುಂಬುವುದರೊಳಗೆ ಬರಿದಾಗುವ ಮನೆಯವರು ಒಂದೂವರೆ ಕಿಲೋ ಹೆಚ್ಚು ತಿನ್ನುತ್ತಿದ್ದಾರೆ. ದೇಶವೂ ತನಗೆ ಬೇಕಾದ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ಕೊಳ್ಳುತ್ತಿದೆ.

ತೂಕದ ಯಂತ್ರವಿಲ್ಲದ ಮನೆಯಲ್ಲಿ ದರ್ಜಿಯ ಟೇಪು ಸಾಕು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮೂವತ್ತು ದಾಟಿದವರಿಗೆ ಅಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತ.